ಬರಕ್ಕೆ ಹೆಸರುಂಟು, ಕುಸಿತಕ್ಕಿಲ್ಲ: ಫೋಂಡಾ ಮತ್ತು ಅದಿರಿನ ಏರಿಳಿತ

ಉತ್ತರ ಕರ್ನಾಟಕದ ಜನಸ್ಮೃತಿಯಲ್ಲಿ ಬರಗಳಿಗೆ ಹೆಸರಿದೆ. 1791–92ರ ಕ್ಷಾಮವು ಮಣ್ಣು ಕಾಣದೆ ಉಳಿದ ತಲೆಬುರುಡೆಗಳಿಂದಾಗಿ ‘ಡೋಗಿ ಬರ’ವೆನಿಸಿತು. ಅದೇ ಸೀಮೆಯಿಂದ ಗೋವೆಗೆ ದುಡಿಯಲು ಬಂದವರು ಕಂಡ ಅದಿರು ಮಾರುಕಟ್ಟೆಯ ಕುಸಿತಕ್ಕೆ ಅಂಥ ಹೆಸರಿಲ್ಲ. ಅದು ನ್ಯಾಯಾಲಯದ ಆದೇಶದ ದಿನಾಂಕವಾಗಿ ಉಳಿದಿದೆ. ಹೆಸರಿಲ್ಲದ ಬಿಕ್ಕಟ್ಟಿನಲ್ಲಿ ನೊಂದವರ ಲೆಕ್ಕವೂ ತಪ್ಪುತ್ತದೆ ಎಂಬುದು ಈ ಲೇಖನದ ವಾದ.

ಗೋವೆಯ ಕಬ್ಬಿಣದ ಅದಿರಿನ ರಫ್ತು ಎರಡನೆಯ ಮಹಾಯುದ್ಧದ ನಂತರ, ಪೋರ್ಚುಗೀಸರ ಕಾಲದಲ್ಲೇ, ಮುಖ್ಯವಾಗಿ ಜಪಾನಿನ ಉಕ್ಕು ಕಾರ್ಖಾನೆಗಳಿಗಾಗಿ ಬೆಳೆಯಿತು. 2000ದ ಬಳಿಕ ಚೀನಾದ ಬೇಡಿಕೆಯಿಂದ, ಹಿಂದೆ ಗಣಿಯ ಬದಿಗೆ ಸುರಿದಿದ್ದ ಕಡಿಮೆ ದರ್ಜೆಯ ಅದಿರಿಗೂ ಬೆಲೆ ಬಂತು. 2010–11ರಲ್ಲಿ ಗೋವೆಯ ಮೂಲಕ ಸಾಗಿದ ಅದಿರು 5 ಕೋಟಿ ಟನ್ ಮೀರಿತು. ಫೋಂಡಾ ತಾಲ್ಲೂಕಿನ ಉಸಗಾಂವ್ ಮೊದಲಾದ ಕಡೆ ಲಾರಿಗಳು ಸಾಲುಗಟ್ಟಿದವು. ಮಾಂಡವಿ, ಜುವಾರಿ ನದಿಗಳ ಬಾರ್ಜುಗಳು ಸರಕನ್ನು ಮುರಗಾಂವ ಬಂದರಿಗೆ ಒಯ್ದವು. ಈ ಹಣದ ಹರಿವು ಕಟ್ಟಡ ಕಾಮಗಾರಿಗೂ ಗ್ಯಾರೇಜು, ಖಾನಾವಳಿಗಳಿಗೂ ತಲುಪಿತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಿಂದ ವಲಸೆ ಬಂದ ಅನೇಕರ ದಿನಗೂಲಿ ನಿಂತಿದ್ದುದು ಇಂಥ ಕೆಲಸಗಳ ಮೇಲೆ.

2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆದವು. ಕುಸಿತದ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ಆದರೆ 2011ರ ಆರಂಭದಲ್ಲಿ ಟನ್ನಿಗೆ 180 ಡಾಲರ್ ದಾಟಿದ್ದ ಜಾಗತಿಕ ಬೆಲೆ, ನಿಷೇಧ ಬರುವ ಹೊತ್ತಿಗೇ 90ರ ಕೆಳಗಿಳಿದಿತ್ತು. 2014ರ ಏಪ್ರಿಲಿನಲ್ಲಿ ನ್ಯಾಯಾಲಯವು ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ತಡೆ ತೆರವುಗೊಳಿಸಿತು. 2015ರ ಕೊನೆಗೆ ಬೆಲೆ 40 ಡಾಲರಿಗೂ ಕಡಿಮೆಯಾಯಿತು. ಕಡಿಮೆ ದರ್ಜೆಯ ಅದಿರಿಗೆ ಇಂಥ ಇಳಿತದ ಪೆಟ್ಟು ಮೊದಲು ಬೀಳುತ್ತದೆ. ಫ್ರಾನ್ಸಿನ ಕ್ಲೆಮಾಂ ಜ್ಯೂಗ್ಲಾರ್ 1862ರಲ್ಲೇ, ಬಿಕ್ಕಟ್ಟಿನ ಬೀಜವನ್ನು ಏಳಿಗೆಯ ಕಾಲದ ಸಾಲ ಮತ್ತು ಸಟ್ಟಾದಲ್ಲಿ ಹುಡುಕಿದ್ದನು. ಉಬ್ಬರದ ವರ್ಷಗಳಲ್ಲಿ ಸಾಲದ ಮೇಲೆ ಕೊಂಡ ಲಾರಿಗಳು ಆ ಮಾತಿಗೆ ಗೋವೆಯ ಸಾಕ್ಷಿ.

ಆದೇಶವನ್ನೇ ಕಾರಣವೆಂದು ಬಗೆದಾಗ ಪರಿಹಾರವೂ ಆದೇಶ ನೇರವಾಗಿ ತಟ್ಟಿದವರ ಕಡೆಗೆ ತಿರುಗುತ್ತದೆ. ಲಾರಿ, ಬಾರ್ಜು ಮಾಲೀಕರಿಗೆ ಸರ್ಕಾರದ ನೆರವು ಬಂತು. ಅವರಲ್ಲಿ ನೋಂದಣಿಯಿತ್ತು, ಸಾಲದ ಪತ್ರವಿತ್ತು. ಗಾರೆ ಕೆಲಸ ತಪ್ಪಿ ಊರಿಗೆ ಮರಳಿದವನಲ್ಲಿ ಏನಿತ್ತು? ಊರಿನ ಬರವು ಅವನನ್ನು ಇಲ್ಲಿಗೆ ಅಟ್ಟಿತ್ತು, ಮಾರುಕಟ್ಟೆ ಅಲ್ಲಿಗೇ ಹಿಂದಕ್ಕೆ ಅಟ್ಟಿತು. ಮಳೆಯ ಲೆಕ್ಕವನ್ನು ಅವನ ನುಡಿ ಇಟ್ಟುಕೊಂಡಿದೆ. ಬೆಲೆಯ ಲೆಕ್ಕವನ್ನು ಇಟ್ಟಿಲ್ಲ. ಫೋಂಡಾದ ಕೂಲಿಗಳ ಮೌಖಿಕ ಚರಿತ್ರೆಯನ್ನು ಕನ್ನಡದಲ್ಲೇ ಕೇಳಿ ಬರೆದಿಟ್ಟರೆ ಆ ಲೆಕ್ಕ ಆರಂಭವಾದೀತು. ಅದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.