ಪಾಪಾಸುಕಳ್ಳಿ: ಒಂದು ಹೆಸರಿನ ಚರಿತ್ರೆ

ಹೈದರಾಬಾದಿನ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ತಲೆಯೆತ್ತುವ ಮುನ್ನ ಅಲ್ಲಿ ಹೆಚ್ಚಾಗಿ ಇದ್ದುದು ಹೆಬ್ಬಂಡೆಗಳೂ ಕುರುಚಲು ಗಿಡಗಳೂ. ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರಿಗೆ ಅಂತಹ ನೆಲ ಹೊಸದಲ್ಲ. ಅಂತಹ ನೆಲದ ಬೇಲಿಗಳಲ್ಲಿ ಬೆಳೆಯುವ ಪಾಪಾಸುಕಳ್ಳಿಯೂ ಹೊಸದಲ್ಲ. ಅದರ ಹಣ್ಣು ತಿಂದು ತುಟಿ ಕೆಂಪಾದ ನೆನಪು ಬಯಲುಸೀಮೆಯ ಅನೇಕರಿಗುಂಟು. ಆದರೂ ಇದನ್ನು ದಖ್ಖನಿನ ಪ್ರಾಚೀನ ಸಸ್ಯವೆಂದು ಎಣಿಸುವುದು ಸರಿಯಲ್ಲ.

ಇದರ ತವರು ಅಮೆರಿಕ ಖಂಡ. 1492ಕ್ಕೆ ಮೊದಲು ಇದು ಭಾರತಕ್ಕೆ ಬಂದಿರಲಾರದು. ಆದುದರಿಂದ ಹಳಗನ್ನಡದಲ್ಲಿ ಬರುವ ‘ಕಳ್ಳಿ’ ಬೇರೆಯೇ ಜಾತಿಯದು: ಮುರಿದರೆ ಹಾಲು ಸುರಿಸುವಂಥದು. ಆ ಹಾಲು ವಿಷ. ಕಣ್ಣಿಗೆ ಸಿಡಿದರೆ ಅಪಾಯ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಹೆಸರಿನ ಸಾಮ್ಯವನ್ನು ನಂಬಿ ಎರಡನ್ನೂ ಒಂದೆಂದರೆ ಚರಿತ್ರೆಯೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ‘ಪಾಪಾಸು’ ಎಂಬುದು ಪಾದರಕ್ಷೆಯೆಂಬ ಅರ್ಥದ ಪಾರಸಿ ‘ಪಾಪೋಶ್’ ಶಬ್ದದ ತದ್ಭವ. ಚಪ್ಪಟೆಯಾದ ಕಾಂಡ ಮೆಟ್ಟಿನ ಅಟ್ಟೆಯಂತೆ ಕಂಡಿರಬೇಕು. ತಮಿಳಿನ ‘ಚಪ್ಪಾತ್ತಿಕ್ಕಳ್ಳಿ’ಯಲ್ಲಿಯೂ ಪಾದರಕ್ಷೆಯನ್ನೇ ಹೇಳುವ ಪೋರ್ಚುಗೀಸ್ ಶಬ್ದವನ್ನು ಗುರುತಿಸಬಹುದು. ತೆಲುಗರು ಮಾತ್ರ ಹಾವಿನ ಹೆಡೆಯನ್ನು ಕಂಡು ‘ನಾಗಜೆಮುಡು’ ಎಂದರು.

ಈಸ್ಟ್ ಇಂಡಿಯಾ ಕಂಪೆನಿಗೆ ಈ ಗಿಡದ ಮೇಲೆ ಮೋಹ ಹುಟ್ಟಿದುದು ಹಣ್ಣಿಗಾಗಿ ಅಲ್ಲ, ಇದನ್ನು ತಿಂದು ಬದುಕುವ ಕೊಚಿನೀಲ್ ಕೀಟದ ಕೆಂಪು ಬಣ್ಣಕ್ಕಾಗಿ. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿಸಿದನು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲಿನಿಂದ ತಂದ ಕೀಟವಾದರೋ ಬೇರೆ ಜಾತಿಯದಾಗಿತ್ತು, ಬಣ್ಣ ಕೀಳಾಯಿತು. ಉದ್ಯಮ ಅಳಿದರೂ ಕಳ್ಳಿ ಅಳಿಯಲಿಲ್ಲ.

ಜನರು ಅದನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಂಡರು. ಹಣ್ಣಿನ ಮೇಲಿನ ನವಿರು ಮುಳ್ಳನ್ನು ಮಣ್ಣಿನಲ್ಲಿ ಹೊರಳಿಸಿ, ಕಲ್ಲಿಗೆ ತಿಕ್ಕಿ ಕಳೆದು, ಸಿಪ್ಪೆ ಸುಲಿದು ತಿಂದರು. ತಿರುಳು ಮಂದ ಸಿಹಿ, ಬೀಜ ಬಲು ಗಟ್ಟಿ. ಬರಗಾಲದಲ್ಲಿ ಇದು ಬಡವರಿಗೆ ಆಹಾರ. ಮುಳ್ಳು ಸುಟ್ಟು ಕೊಚ್ಚಿದ ಕಾಂಡ ದನಗಳಿಗೆ ಮೇವು. ಮೆಕ್ಸಿಕೋದಲ್ಲಿ ಎಳೆಯ ಕಾಂಡ ‘ನೋಪಾಲ್’ ಎಂಬ ನಿತ್ಯದ ತರಕಾರಿ; ಇಲ್ಲಿಯ ಅಡಿಗೆಮನೆಗೆ ಅದು ಬಂದುದು ವಿರಳ. ಗಿಡವು ಕಡಲು ದಾಟಿತು, ಅದನ್ನು ಅಟ್ಟುಣ್ಣುವ ವಿದ್ಯೆ ಮಾತ್ರ ಜೊತೆಗೆ ಬರಲಿಲ್ಲ. ಅಳಿದ ಬಣ್ಣದ ಉದ್ಯಮಕ್ಕಿಂತ ಇದೇ ದೊಡ್ಡ ನಷ್ಟವೆನ್ನಬೇಕು.

ಮುಂದೆ ಕಳ್ಳಿ ಹೊಲಗಳನ್ನೇ ಆಕ್ರಮಿಸಿದಾಗ, 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕೊಚಿನೀಲ್ ಕೀಟವನ್ನು ತರಿಸಿ ದಕ್ಷಿಣ ಭಾರತದಲ್ಲಿ ಬಿಡಲಾಯಿತು. ಐದಾರು ವರ್ಷಗಳಲ್ಲಿ ಅದು ಸುಮಾರು 40,000 ಹೆಕ್ಟೇರುಗಳಿಗೆ ಹರಡಿ ಕಳ್ಳಿಯನ್ನು ಒಣಗಿಸಿತು. ರೈತನಿಗೆ ಹೊಲ ಮರಳಿತು; ಹಳ್ಳಿಯ ಬಡವರಿಗೆ ದುಡ್ಡಿಲ್ಲದೆ ದೊರಕುತ್ತಿದ್ದ ಹಣ್ಣು ಬೇಲಿಯ ಮೂಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿಯಿತು.