ತಗಡು ಬಾಗಿದ ಬಗೆ

ಸೀರೆಯನ್ನು ಮಡಿಸಿದಂತೆ ಲೋಹದ ತಗಡನ್ನು ಮಡಿಸಲಾಗದು. ನೇಯ್ಗೆಗೆ ಹೆಸರಾದ ನಮ್ಮ ಸಿರುಮುಗೈಯ ಮಕ್ಕಳು ಈ ಭೇದವನ್ನು ಬೇಗನೆ ತಿಳಿಯಬಲ್ಲರು. ತಗಡು ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಒತ್ತಡ ಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಆದುದರಿಂದ ಬೇಕಾದುದಕ್ಕಿಂತ ಕೊಂಚ ಹೆಚ್ಚಾಗಿಯೇ ಬಾಗಿಸಬೇಕು. ತಗಡಿನ ಕೆಲಸದವನು ಕಬ್ಬಿಣದ ದಿಮ್ಮಿಯ ಅಂಚಿನ ಮೇಲೆ ಕೊಡತಿಯಿಂದ ಬಡಿಯುತ್ತ ಇದನ್ನು ಕಣ್ಣಳತೆಯಿಂದಲೇ ಸಾಧಿಸುತ್ತಿದ್ದನು.

ವಿಮಾನಗಳ ಕಾಲದಲ್ಲಿ ಕಣ್ಣಳತೆಯೊಂದೇ ಸಾಲದಾಯಿತು. ಅಲ್ಯೂಮಿನಿಯಮ್ಮಿಗೆ ತಾಮ್ರ, ಮೆಗ್ನೀಸಿಯಮ್ ಬೆರೆಸಿ, ಕಾಸಿ, ನೀರಿನಲ್ಲಿ ತಣಿಸಿದ ಮಿಶ್ರಲೋಹವು ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡನು. ತಣಿಸಿದ ಒಂದೆರಡು ಗಂಟೆಗಳೊಳಗೆ, ಇನ್ನೂ ಮೆತ್ತಗಿರುವಾಗಲೇ ಅದನ್ನು ಬಾಗಿಸುವುದು ಕ್ಷೇಮ. ತಡವಾದರೆ ಮಡಿಕೆಯಲ್ಲಿ ಸೀಳು ಬಿಡುವ ಭಯ. ಅಡಿಗೆಮನೆಯ ಡಬ್ಬ ಸೀಳಿದರೆ ಎಣ್ಣೆ ಸೋರೀತು, ಅಷ್ಟೆ. ರೆಕ್ಕೆಯ ತಗಡು ಸೀಳಿದರೆ ಪ್ರಾಣಕ್ಕೇ ಸಂಚಕಾರ.

1940ರ ಡಿಸೆಂಬರಿನಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಈ ವಿದ್ಯೆ ಕನ್ನಡನಾಡಿಗೆ ದೊಡ್ಡ ಪ್ರಮಾಣದಲ್ಲಿ ಬಂದುದು ಹೀಗೆ. ಘಾಟಗೆಯವರ ವಿನ್ಯಾಸದ ಎಚ್‌ಟಿ-2 ಎಂಬ ಲೋಹದ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಅದೇ ಕಾರ್ಖಾನೆ ರೈಲುಗಾಡಿಯ ಲೋಹದ ಡಬ್ಬಿಗಳನ್ನೂ ಕಟ್ಟಿತು. ಆ ಕೆಲಸ ಮುಂದೆ, 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಗೆ ಸೇರಿತು.

ಇಂದು ಗಣಕಯಂತ್ರವೇ ಕೋನವನ್ನು ಎಣಿಸಿ ಒತ್ತುಯಂತ್ರವನ್ನು ನಡೆಸುತ್ತದೆ. ಆದರೂ ಹೊಸ ತಗಡು ಬಂದಾಗ ಕೆಲಸಗಾರರು ಮೊದಲು ಒಂದು ತುಣುಕನ್ನು ಬಾಗಿಸಿ, ಅದು ಎಷ್ಟು ಚಿಮ್ಮುವುದೆಂದು ನೋಡಿಕೊಳ್ಳುತ್ತಾರೆ.