ಹತ್ತರಿಯ ಮೈಮೇಲಿನ ಚರಿತ್ರೆ

ಬಡಗಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಉಳಿ, ಸುತ್ತಿಗೆ, ಗರಗಸ. ಪಾಪ, ಹತ್ತರಿಯ ನೆನಪು ಕೊನೆಗೆ ಬರುತ್ತದೆ. ಕೆಲವು ಕಡೆ ಇದನ್ನೇ ಕೀಸುಳಿ ಅಂತಾರೆ. ಒರಟು ಹಲಗೆಯ ಮೇಲೆ ಸರ್‍ರ್ ಅಂತ ತಳ್ಳಿದರೆ ಕಾಗದದಂಥ ಸುರುಳಿ ಎದ್ದು ಬರುತ್ತಲ್ಲ, ಆ ಉಪಕರಣ. ಇವತ್ತು ಹೇಳಹೊರಟಿರುವುದು ಅದರ ಕಥೆ. ಅದರಲ್ಲೂ ಅಮೆರಿಕ, ಇಂಗ್ಲೆಂಡುಗಳಲ್ಲಿ ಜನ ಹಳೇ ಸಾಮಾನಿನ ಸಂತೆಯಿಂದ ತುಕ್ಕು ಹಿಡಿದ ಹತ್ತರಿಗಳನ್ನು ಕೊಂಡು ತಂದು, ಮನೆಯ ಶೆಡ್ಡಿನಲ್ಲಿ ಕೂತು ಮತ್ತೆ ಜೀವ ಕೊಡುತ್ತಾರಲ್ಲ, ಅದರ ಹಿಂದಿನ ಕಥೆ.

ನೂರು ವರ್ಷ ಹಳೆಯ ಹತ್ತರಿಯನ್ನು ರಿಪೇರಿ ಮಾಡಿ ಏನು ಸಾಧನೆ, ಹೊಸದು ಸಿಗಲ್ವಾ ಅಂತ ಕೇಳಬಹುದು. ಸಿಗುತ್ತೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ಹೊಸ ಹತ್ತರಿಗಿಂತ 1915ರ ಹತ್ತರಿಯೇ ಹೆಚ್ಚಿನ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. ತಂತ್ರಜ್ಞಾನ ಯಾವಾಗಲೂ ಮುಂದಕ್ಕೇ ಹೋಗುತ್ತೆ ಅಂತ ನಂಬಿಕೊಂಡ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇದು ಸ್ವಲ್ಪ ಕಸಿವಿಸಿ ಮಾಡುವ ವಿಷಯ :) ಹೀಗೇಕಾಯ್ತು ಅನ್ನೋದಕ್ಕೆ ತುಂಬ ಹಿಂದಕ್ಕೆ ಹೋಗಬೇಕು.

ಹತ್ತರಿಯ ಕೆಲಸ ಬಹಳ ಸರಳ. ಸಮತಟ್ಟಾದ ಅಡಿ, ಅದರಲ್ಲೊಂದು ಸೀಳು, ಸೀಳಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕುವ ಹರಿತವಾದ ಅಲಗು. ಉಳಿಯಾದರೆ ಕೈ ಹೋದಷ್ಟು ಆಳಕ್ಕೆ ಇಳಿಯುತ್ತದೆ. ಹತ್ತರಿಯಲ್ಲಿ ಆಳವನ್ನು ಆ ಅಡಿಯೇ ನಿರ್ಧರಿಸುತ್ತದೆ. ಪ್ರಾಚೀನ ಈಜಿಪ್ಟಿನ ಬಡಗಿಗಳು ಬಾಚಿಯಿಂದ ಕೆತ್ತಿ, ಕಲ್ಲಿನಿಂದ ಉಜ್ಜಿ ಮರವನ್ನು ನಯ ಮಾಡುತ್ತಿದ್ದರು. ರೋಮನ್ನರ ಕಾಲಕ್ಕೆ ಹತ್ತರಿ ಬಂದಿತ್ತು. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೆಯಲ್ಲಿ ಹತ್ತರಿಗಳು ಸಿಕ್ಕಿವೆ. ಅಲಗನ್ನು ಬೆಣೆ ಹೊಡೆದು ಬಿಗಿ ಮಾಡುವ ಆ ವಿಧಾನ ಮುಂದೆ ಸಾವಿರದ ಎಂಟುನೂರು ವರ್ಷ ಹೆಚ್ಚು ಕಡಿಮೆ ಹಾಗೇ ನಡೆಯಿತು. ನಮ್ಮೂರ ಬಡಗಿಗಳ ಮರದ ಹತ್ತರಿಯಲ್ಲೂ ಇರುವುದು ಅದೇ ಬೆಣೆ. ಅಲಗು ಹೆಚ್ಚು ಇಳಿಯಬೇಕೇ? ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ಮೇಲೆ ಬರಬೇಕೇ? ಹತ್ತರಿಯ ಹಿಂಬದಿಗೆ ಒಂದು ಏಟು. ಆ ಏಟಿನ ಹದ ಕಲಿಯೋಕೆ ಮಾತ್ರ ವರ್ಷಗಳೇ ಬೇಕು.

ಈ ಮರದ ಹತ್ತರಿಗಳ ಕಾಲದ ಒಬ್ಬನ ಬಗ್ಗೆ ಹೇಳಲೇಬೇಕು. ಹದಿನೆಂಟನೇ ಶತಮಾನದಲ್ಲಿ ಅಮೆರಿಕದ ಮಸಾಚುಸೆಟ್ಸ್ ಪ್ರಾಂತ್ಯದ ರೆಂಥಮ್ ಎಂಬ ಊರಿನಲ್ಲಿ ಫ್ರಾನ್ಸಿಸ್ ನಿಕಲ್ಸನ್ ಎಂಬ ಹತ್ತರಿ ತಯಾರಕ ಇದ್ದ. ಆ ನಾಡಿನಲ್ಲಿ ತನ್ನ ಹೆಸರು ಒತ್ತಿ ಹತ್ತರಿ ಮಾಡಿದವರಲ್ಲಿ ಮೊದಲಿಗ ಅಂತ ಅವನನ್ನು ಗುರುತಿಸುತ್ತಾರೆ. ಅವನ ಬಳಿ ಸೀಸರ್ ಚೆಲರ್ ಎಂಬ ಕಪ್ಪು ಗುಲಾಮನಿದ್ದ. ಒಡೆಯನ ಪಕ್ಕದಲ್ಲೇ ಕೂತು ಕೆಲಸ ಕಲಿತವನು. 1753ರಲ್ಲಿ ನಿಕಲ್ಸನ್ ಸತ್ತಾಗ ಅವನ ಉಯಿಲಿನ ಪ್ರಕಾರ ಚೆಲರ್‌ಗೆ ಬಿಡುಗಡೆ ಸಿಕ್ಕಿತು. ಆಮೇಲೆ ಚೆಲರ್ ತಾನೇ ಹತ್ತರಿ ಮಾಡತೊಡಗಿದ, 1784ರಲ್ಲಿ ಸಾಯುವವರೆಗೂ. ಪ್ರತಿಯೊಂದರ ಮೂತಿಯ ಮೇಲೂ ತನ್ನ ಹೆಸರು, ತನ್ನ ಊರಿನ ಹೆಸರು ಒತ್ತಿದ. ನಿನ್ನೆಯವರೆಗೆ ಇನ್ನೊಬ್ಬರ ಆಸ್ತಿಯಾಗಿದ್ದವನು ಒಂದು ಮರದ ತುಂಡಿನ ಮೇಲೆ ತನ್ನ ಹೆಸರು ಒತ್ತುತ್ತಾನೆ ಅಂದರೆ ಏನರ್ಥ ಅಂತ ಸ್ವಲ್ಪ ಯೋಚಿಸಿ ನೋಡಿ. ಇವತ್ತು ಆ ಹತ್ತರಿಗಳಿಗೆ ಸಂಗ್ರಹಕಾರರು ದೊಡ್ಡ ಬೆಲೆ ಕೊಡುತ್ತಾರೆ.

ಮುಂದೆ ಬಂತು ಕಬ್ಬಿಣದ ಕಾಲ. 1827ರಲ್ಲೇ ಕನೆಕ್ಟಿಕಟ್‌ನ ಹಜಾರ್ಡ್ ನೋಲ್ಸ್ ಎರಕದ ಕಬ್ಬಿಣದ ಹತ್ತರಿಗೆ ಪೇಟೆಂಟ್ ಪಡೆದಿದ್ದ. ಆದರೆ ಅದರಲ್ಲೂ ಅಲಗನ್ನು ಹಿಡಿಯುತ್ತಿದ್ದುದು ಬೆಣೆಯೇ. ಮೈ ಬದಲಾಯ್ತು, ಬುದ್ಧಿ ಬದಲಾಗಲಿಲ್ಲ. ಅದನ್ನು ಬದಲಾಯಿಸಿದವನು ಲೆನರ್ಡ್ ಬೈಲಿ (1825-1905). ಈತ 1850ರ ದಶಕದಿಂದ ಮಸಾಚುಸೆಟ್ಸ್‌ನಲ್ಲಿ ಒಂದರ ಹಿಂದೊಂದು ಪ್ರಯೋಗ ಮಾಡುತ್ತಾ ಹೋದ. 1858ರಲ್ಲಿ ಬೆಣೆಯ ಬದಲಿಗೆ ಲಿವರ್ ಕ್ಯಾಪ್ ತಂದ. ಬೆರಳಲ್ಲಿ ಒತ್ತಿದರೆ ಬಿಗಿ, ಎತ್ತಿದರೆ ಸಡಿಲ, ಸುತ್ತಿಗೆಯ ಹಂಗೇ ಬೇಡ. 1867ರ ಪೇಟೆಂಟಿನಲ್ಲಿ ಅಲಗಿನ ಆಳ ಹೊಂದಿಸೋಕೆ ಒಂದು ಹಿತ್ತಾಳೆ ತಿರುಪು. ಹಿಡಿ ಹಿಡಿದುಕೊಂಡೇ, ಹತ್ತರಿ ಓಡುತ್ತಿರುವಾಗಲೇ, ಬೆರಳ ತುದಿಯಿಂದ ಅದನ್ನು ತಿರುಗಿಸಬಹುದು. ದಪ್ಪ ಅಲಗಿನ ಜಾಗಕ್ಕೆ ತೆಳು ಅಲಗು ತಂದಿದ್ದೂ ಅವನೇ. ತೆಳುವಾದರೆ ಉಕ್ಕು ಕಡಿಮೆ ಸಾಕು, ಮಸೆಯೋದೂ ಬೇಗ. ವರ್ಷಗಟ್ಟಲೆ ಅಭ್ಯಾಸದಿಂದ ಬರುತ್ತಿದ್ದ ಏಟಿನ ಹದವನ್ನು ಒಂದು ತಿರುಪಿನೊಳಗೆ ಇಟ್ಟುಬಿಟ್ಟ ಅನ್ನಬಹುದು.

1869ರಲ್ಲಿ ಬೈಲಿ ತನ್ನ ವ್ಯವಹಾರವನ್ನು ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿಗೆ ಕೊಟ್ಟು, ತಾನೂ ಅಲ್ಲಿಗೇ ಕೆಲಸಕ್ಕೆ ಹೋದ. 1857ರಲ್ಲಿ ಶುರುವಾಗಿದ್ದ ಆ ಕಂಪನಿಗೆ ಅಳತೆಪಟ್ಟಿ, ರಸಮಟ್ಟ ಮಾಡಿ ಗೊತ್ತಿತ್ತು, ಹತ್ತರಿ ಹೊಸದು. ಕೆಲವೇ ವರ್ಷಗಳಲ್ಲಿ ಇಬ್ಬರಿಗೂ ಜಗಳ. 1870ರ ದಶಕದ ಮಧ್ಯದಲ್ಲಿ ಬೈಲಿ ಹೊರಬಂದು 'ವಿಕ್ಟರ್' ಹೆಸರಿನಲ್ಲಿ ಬೇರೆ ಹತ್ತರಿ ಮಾಡತೊಡಗಿದ. ಕಂಪನಿ ಕೋರ್ಟಿಗೆ ಎಳೆಯಿತು. ಕೊನೆಗೆ ವಿಕ್ಟರ್ ಕೂಡ ಸ್ಟ್ಯಾನ್ಲಿಯ ಕೈ ಸೇರಿತು. ತನ್ನದೇ ಕಲ್ಪನೆಗಳ ಎದುರು ತಾನೇ ಸ್ಪರ್ಧೆ ಮಾಡಬೇಕಾದ ಪರಿಸ್ಥಿತಿ!

ತಮಾಷೆ ಇರುವುದು ಇದರ ಮುಂದೆ. 1902ರ ಸುಮಾರಿಗೆ ಸ್ಟ್ಯಾನ್ಲಿ ಕಂಪನಿ ತನ್ನ ಹತ್ತರಿಗಳ ಮೂತಿಯ ಮೇಲೆ 'ಬೈಲಿ' ಅಂತ ದಪ್ಪ ಅಕ್ಷರಗಳಲ್ಲಿ ಎರಕ ಹೊಯ್ಯತೊಡಗಿತು. ಪೇಟೆಗೆ ಹಲವರು ನಕಲು ತಂದಿದ್ದ ಕಾಲ ಅದು, ಅಸಲಿ ಯಾವುದು ಅಂತ ತೋರಿಸಬೇಕಿತ್ತು. ಮನುಷ್ಯನ ಜೊತೆ ಹೊಂದಿಕೆಯಾಗಲಿಲ್ಲ, ಅವನ ಹೆಸರು ಮಾತ್ರ ಲಾಭಕ್ಕೆ ಬಂತು. ಆಗ ಬೈಲಿ ಇನ್ನೂ ಬದುಕಿದ್ದ. ಚೆಲರ್ ತನ್ನ ಹೆಸರನ್ನು ತಾನೇ ಒತ್ತಿಕೊಂಡ, ಬೈಲಿಯ ಹೆಸರನ್ನು ಇನ್ನೊಬ್ಬರು ಒತ್ತಿದರು.

ಆ ನಕಲುಗಳು ಎಲ್ಲಿಂದ ಬಂದವು? ಅಮೆರಿಕದಲ್ಲಿ ಆಗ ಪೇಟೆಂಟಿನ ಆಯುಸ್ಸು 17 ವರ್ಷ. 1867ಕ್ಕೆ 17 ಕೂಡಿಸಿ, 1884. ಅದಾದ ಮೇಲೆ ಸಾರ್ಜೆಂಟ್, ಯೂನಿಯನ್ ಮುಂತಾದ ಕಂಪನಿಗಳು ಅದೇ ನಮೂನೆಯ ಹತ್ತರಿ ತಂದವು. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ರೆಕಾರ್ಡ್ ಕೂಡ ಸೇರಿಕೊಂಡಿತು. ಭಾರತದಲ್ಲೂ ಇದೇ ನಮೂನೆಯ ಕಬ್ಬಿಣದ ಹತ್ತರಿಗಳು ತಯಾರಾದವು. ಸ್ಟ್ಯಾನ್ಲಿ ಕೊಟ್ಟ ನಂಬರುಗಳೂ ಎಲ್ಲರದಾದವು: ಒಂಬತ್ತು ಇಂಚಿನದು ನಾಲ್ಕನೇ ನಂಬರು, ಹದಿನಾಲ್ಕು ಇಂಚಿನದು ಐದು, ಇಪ್ಪತ್ತೆರಡು ಇಂಚಿನದು ಏಳು. ಉದ್ದದ ಹತ್ತರಿ ಹಲಗೆಯ ಉಬ್ಬುತಗ್ಗುಗಳ ಮೇಲೆ ಸೇತುವೆಯ ಹಾಗೆ ಕೂತು ಉಬ್ಬನ್ನಷ್ಟೇ ಕೀಸುತ್ತದೆ. ಗಿಡ್ಡದು ಉಬ್ಬುತಗ್ಗುಗಳ ಹಿಂದೆಯೇ ಏರಿ ಇಳಿದು ಕೊನೆಯ ನಯ ಕೊಡುತ್ತದೆ. ಇವತ್ತಿಗೂ ಯಾವ ದೇಶದ ಬಡಗಿಯನ್ನಾದರೂ ನಾಲ್ಕನೇ ನಂಬರು ಅಂತ ಕೇಳಿ, ಬಹುತೇಕ ಅರ್ಥವಾಗುತ್ತದೆ.

ಈಗ ಶೀರ್ಷಿಕೆಗೆ ಬರೋಣ. ಸ್ಟ್ಯಾನ್ಲಿ ಹತ್ತರಿಯ ಮೈ ನೋಡಿ ಅದರ ವಯಸ್ಸು ಹೇಳಬಹುದು. ಸಂಗ್ರಹಕಾರರು ಇದಕ್ಕೆ ಇಪ್ಪತ್ತು ಘಟ್ಟಗಳ ಒಂದು ವಂಶಾವಳಿಯನ್ನೇ ಮಾಡಿಟ್ಟಿದ್ದಾರೆ. ಅಲಗಿಗೆ ಆಸರೆ ಕೊಡುವ ತುಂಡಿಗೆ ಇಂಗ್ಲಿಷಿನಲ್ಲಿ ಫ್ರಾಗ್, ಅಂದರೆ ಕಪ್ಪೆ ಅಂತ ಹೆಸರು. ಆ ಕಪ್ಪೆಯ ಹಿಂದೆ ಮೂರು ಪೇಟೆಂಟ್ ದಿನಾಂಕಗಳು, ಅಂದರೆ 1902ರ ಎರಡು ಮತ್ತು 1910ರ ಒಂದು ಕಂಡರೆ, ಅದು 1910ರಿಂದ 1918ರ ನಡುವಿನದು. ಮುಂದಿನ ಗುಂಡು ಹಿಡಿ ಗಿಡ್ಡವಾಗಿದ್ದರೆ ಹಳೆಯದು, ಎತ್ತರವಾಗಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ಅಲಗಿನ ಮೇಲೆ ಹೃದಯದ ಚಿತ್ರ ಇದ್ದರೆ 1920ರಿಂದ 30ರ ದಶಕದ್ದು. ಪ್ರೀತಿ ಪ್ರೇಮ ಏನಲ್ಲ, 1920ರಲ್ಲಿ ಈ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡ ಸ್ಟ್ಯಾನ್ಲಿ ವರ್ಕ್ಸ್‌ನ ಮುಖ್ಯಸ್ಥರಾಗಿದ್ದ ವಿಲಿಯಂ ಹಾರ್ಟ್ ಅವರ ಹೆಸರಿನ ಶ್ಲೇಷೆ! ಹಿತ್ತಾಳೆ ತಿರುಪಿನ ಬದಲು ಕಬ್ಬಿಣದ್ದೋ ಗಟ್ಟಿ ರಬ್ಬರಿನದೋ ಇದ್ದರೆ ಎರಡನೇ ಮಹಾಯುದ್ಧದ ಕಾಲದ್ದು, ಹಿತ್ತಾಳೆಯೆಲ್ಲ ಯುದ್ಧಕ್ಕೆ ಹೋಗಿತ್ತು. ಹಿಡಿಗಳ ಮರವೂ ಮಾತಾಡುತ್ತದೆ. ಹಳೆಯವು ಬ್ರೆಜಿಲ್‌ನ ರೋಸ್‌ವುಡ್, ನಮ್ಮ ಬೀಟೆಯ ದಾಯಾದಿ. ಯುದ್ಧದ ನಂತರ ಕ್ರಮೇಣ ಬಣ್ಣ ಬಳಿದ ಸಾಧಾರಣ ಮರ ಬಂತು. ಆ ರೋಸ್‌ವುಡ್ ಎಷ್ಟು ಕಡಿದರೆಂದರೆ, 1992ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದದಡಿ ಅದರ ವ್ಯಾಪಾರವನ್ನೇ ನಿಷೇಧಿಸಬೇಕಾಯ್ತು.

ಗುಣಮಟ್ಟ ಇಳಿದದ್ದೂ ಯುದ್ಧದ ನಂತರವೇ. ಇದರಲ್ಲಿ ಯಾರದೋ ಪಿತೂರಿ ಇರಲಿಲ್ಲ. ವಿದ್ಯುತ್ ಉಪಕರಣಗಳು ಅಗ್ಗವಾದವು. ಮರ ಕಾರ್ಖಾನೆಯಲ್ಲೇ ಮಟ್ಟವಾಗಿ ಬರತೊಡಗಿತು. ದಿನವಿಡೀ ಹತ್ತರಿ ಹೊಡೆದು ಹೊಟ್ಟೆ ಹೊರೆಯುವವರು ಕಡಿಮೆಯಾದರು, ವರ್ಷಕ್ಕೊಮ್ಮೆ ಬಾಗಿಲು ಉಜ್ಜುವವರು ಹೆಚ್ಚಾದರು. ಅಂಥವರಿಗೆ ಅಡಿ ಎಷ್ಟು ಸಮತಟ್ಟಾಗಿದೆ ಅನ್ನೋದು ತಿಳಿಯುವುದಿಲ್ಲ, ಬೆಲೆ ತಿಳಿಯುತ್ತದೆ. ತಪ್ಪು ಹಿಡಿಯುವ ಗಿರಾಕಿ ಇಲ್ಲದಿದ್ದರೆ ಗುಣಮಟ್ಟ ತಾನಾಗಿಯೇ ಸವೆಯುತ್ತದೆ. ಇದು ಹತ್ತರಿಗೆ ಮಾತ್ರ ಅನ್ವಯಿಸುವ ಮಾತಲ್ಲ ಬಿಡಿ.

ವಸ್ತುವಿನ ಜೊತೆ ತಿಳಿವಳಿಕೆಯೂ ಸವೆಯಿತು. ಅಲಗಿನ ಬೆನ್ನಿಗೆ ಇನ್ನೊಂದು ತಗಡು ಇರುತ್ತದೆ, ಚಿಪ್ ಬ್ರೇಕರ್ ಅಂತ. ಹದಿನೆಂಟನೇ ಶತಮಾನದ ಬಡಗಿಗಳಿಗೇ ಅದರ ಬಳಕೆ ಗೊತ್ತಿತ್ತು. ಆದರೆ ಇಪ್ಪತ್ತನೇ ಶತಮಾನದ ಕೊನೆಗೆ ಬಹಳ ಜನ ಹವ್ಯಾಸಿಗಳು, ಅದು ತೆಳು ಅಲಗು ನಡುಗದಿರಲಿ ಅಂತ ಇಟ್ಟ ಆಸರೆ ಮಾತ್ರ ಅಂದುಕೊಂಡಿದ್ದರು. ಜಪಾನಿನ ಕಾಟೊ ಮತ್ತು ಕವಾಯಿ ಎಂಬ ಪ್ರಾಧ್ಯಾಪಕರು ಅಲಗು ಮರ ಕೊಯ್ಯುವುದನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿದ್ದರು. ಆ ಚಿತ್ರ 2012ರ ಸುಮಾರಿಗೆ ಅಂತರ್ಜಾಲದಲ್ಲಿ ಹರಡಿದಾಗ ಎಲ್ಲರ ಕಣ್ಣು ತೆರೆಯಿತು. ತಗಡಿನ ಅಂಚನ್ನು ಅಲಗಿನ ಅಂಚಿನಿಂದ ಮಿಲಿಮೀಟರಿನ ಹತ್ತರ ಒಂದೆರಡು ಪಾಲಿನಷ್ಟೇ ಹಿಂದೆ ಇಟ್ಟರೆ, ಏಳುವ ಸುರುಳಿ ತಕ್ಷಣ ಮಡಚಿಕೊಳ್ಳುತ್ತದೆ. ಹಾಗಾಗಿ ಮರದ ನಾರು ಕಿತ್ತು ಬರುವುದಿಲ್ಲ. ಹಳಬರಿಗೆ ಕೈಗೆ ಗೊತ್ತಿದ್ದದ್ದನ್ನು ನಾವು ಮತ್ತೆ ಕಣ್ಣಿಂದ ಕಲಿತೆವು.

ಈ ಪುನರುಜ್ಜೀವನ ಹೊಸ ತಯಾರಕರನ್ನೂ ಕೊಟ್ಟಿತು. 1981ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಥಾಮಸ್ ಲೀ-ನೀಲ್ಸನ್ ಹಳೆ ಸ್ಟ್ಯಾನ್ಲಿ ನಮೂನೆಗಳನ್ನೇ ಇನ್ನೂ ಚೆನ್ನಾಗಿ ಮಾಡಿ ಮಾರಲು ಶುರುಮಾಡಿದರು. ಆದರೆ ಅವು ದುಬಾರಿ. ಕಡಿಮೆ ದುಡ್ಡಿನವರಿಗೆ ಉಳಿದ ದಾರಿ ತುಕ್ಕು ಬಿಡಿಸುವುದು.

ತುಕ್ಕು ಬಿಡಿಸೋದು ಹೈಸ್ಕೂಲಿನ ರಸಾಯನಶಾಸ್ತ್ರವೇ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ವಾಷಿಂಗ್ ಸೋಡ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ಹತ್ತರಿಗೆ, ಪಾಸಿಟಿವ್ ತಂತಿ ಒಂದು ಬೇಡದ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಹೈಡ್ರೋಜನ್ ಏಳುತ್ತದೆ, ಆದ್ದರಿಂದ ಗಾಳಿಯಾಡುವ ಜಾಗವೇ ಬೇಕು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಪುಡಿಯಾಗಿ ಉಜ್ಜಿದರೆ ಬರುತ್ತದೆ, ಒಳಗಿನ ಕಬ್ಬಿಣ ಸವೆಯುವುದಿಲ್ಲ. ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕು. ಆಮೇಲೆ ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ ಅಡಿ ತಿಕ್ಕುವುದು, ಸಾಣೆಕಲ್ಲಿನ ಮೇಲೆ ಅಲಗು ಮಸೆಯುವುದು. ಅಲಗು ಪೂರ್ತಿ ಸವೆದಿದ್ದರೆ? ಇಲ್ಲೇ ಬೈಲಿಯ ನಿಜವಾದ ಗೆಲುವು ಇರುವುದು. ಇವತ್ತು ತಯಾರಾದ ಎರಡು ಇಂಚಿನ ಅಲಗು 1910ರ ನಾಲ್ಕನೇ ನಂಬರಿನಲ್ಲಿ ಸಾಮಾನ್ಯವಾಗಿ ಕೂರುತ್ತದೆ. ಐದು ವರ್ಷ ಹಿಂದಿನ ಫೋನಿಗೆ ಬ್ಯಾಟರಿ ಸಿಗದ ಕಾಲದಲ್ಲಿ ಇದನ್ನು ಏನಂತೀರಿ?

ಇಷ್ಟಾಗಿಯೂ ಒಂದು ಮಾತು. ತುಕ್ಕು ತೆಗೆಯುವ ಭರದಲ್ಲಿ ಕೆಲವರು ಫಳಫಳ ಹೊಳೆಯುವವರೆಗೂ ಉಜ್ಜಿಬಿಡುತ್ತಾರೆ. ಹಿಂದಿನ ಕಾಲದ ಬಡಗಿಗಳು ತಮ್ಮ ಉಪಕರಣ ಬೇರೆಯವರದರ ಜೊತೆ ಬೆರೆಯದಿರಲಿ ಅಂತ ಅದರ ಮೇಲೆ ತಮ್ಮ ಹೆಸರನ್ನೋ ಇನಿಷಿಯಲ್ಲನ್ನೋ ಒತ್ತುತ್ತಿದ್ದರು. ಒಂದೇ ಹತ್ತರಿಯ ಮೇಲೆ ಎರಡು ಮೂರು ಹೆಸರು ಇರುವುದೂ ಉಂಟು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದದ್ದರ ಲೆಕ್ಕ ಅದು. ಅವರ ಬಗ್ಗೆ ಪುಸ್ತಕ ಬರೆದವರಿಲ್ಲ. ಎಷ್ಟೋ ಜನರಿಗೆ ಉಳಿದಿರುವ ದಾಖಲೆ ಆ ಮೂರ್ನಾಲ್ಕು ಅಕ್ಷರಗಳಷ್ಟೇ. ತುಕ್ಕು ಹೋಗಲಿ, ಹೆಸರು ಉಳಿಯಲಿ.

ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಇಂಥದ್ದು ಇದ್ದರೆ ಒಮ್ಮೆ ಕೆಳಗಿಳಿಸಿ, ಅದರ ಮೈಮೇಲೆ ಏನಿದೆ ನೋಡಿ. ನಿಮ್ಮ ಕಡೆ ಅದಕ್ಕೆ ಹತ್ತರಿ ಅಂತಾರೋ, ಕೀಸುಳಿ ಅಂತಾರೋ, ಬೇರೇನಾದರೂ ಹೆಸರಿದೆಯೋ, ಅದನ್ನೂ ತಿಳಿಸಿ. ಉಪಕರಣದ ಜೊತೆ ಹೆಸರೂ ತುಕ್ಕು ಹಿಡಿಯೋದು ಬೇಡ.